ಗೌಡರ ಪಕ್ಕದ ಕುರ್ಚಿ

ಕೋಗಿಲು
೧೪-೯-೧೯೭೬

ತಂಗಿ ಮುನಿಶಾಮಮ್ಮನಿಗೆ,

ನಿನ್ನ ಅಕ್ಕ ಅಂಜಿನಮ್ಮ ಇಲ್ಲಿಂದಲೇ ತಲೆ ಸವರಿ ಬರೆದದ್ದು. ನಿನ್ನ ಕಾಗದ ಬಂದ ಮೇಲೆ ಗೌರಿಹಬ್ಬವೇ ಕಳೆದುಹೋಯಿತು, ಸಿಟ್ಟಾಗಬೇಡ. ಮಗನ ಸ್ಲೇಟು ನೋಡಿ ಕಲಿತ ಅಕ್ಷರ ನನ್ನದು. ಮನಸ್ಸು ಸರಿಯಿಲ್ಲದಾಗ ಕೈ ಏಳುವುದಿಲ್ಲ.

ಒಳ್ಳೆಯ ಸುದ್ದಿ ಮೊದಲು. ನಿನ್ನ ಭಾವನ ಜೀತ ಹರಿಯಿತು. ಅವರಪ್ಪನ ಕಾಲದಿಂದ ಗೌಡರ ಕೊಟ್ಟಿಗೆಯಲ್ಲೇ ಸವೆದ ಜೀವ. ದಿಲ್ಲಿಯ ಪ್ರಧಾನಿ ಆಯಮ್ಮ ಅಲ್ಲಿ ಕೂತು ಆರ್ಡರ್ ಮಾಡಿದಳಂತೆ, ಇಲ್ಲಿ ಗೌಡರು ಉಸಿರೆತ್ತಲಿಲ್ಲ. ಸರ್ಕಾರದ ಹೆಂಚಿನ ಮನೆಯೂ ಸಿಕ್ಕಿತು, ಒಳಗೆ ಬಲ್ಬು ಉರಿಯುತ್ತದೆ. ನಿನ್ನ ಭಾವ ಆಯಮ್ಮನ ಪಟ ತಂದು ಬಾಗಿಲ ಮೇಲೆ ತೂಗುಹಾಕಿದರು. "ನಮ್ಮಂತೋರ್ಗೆ ಯಾವ ದೇವ್ರು ಇಂಗೆ ಮಾಡಿದ್ದ ಯೋಳು?" ಎಂದರು. ಸುಳ್ಳಲ್ಲ ಮುನಿಶಾಮಮ್ಮ. ಸುಳ್ಳಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಜೀತದವರು ಗೌಡರನ್ನು ಕಂಡರೆ ಏಳಬೇಕು, ಅವರು ಮರೆಯಾಗುವ ತನಕ ಕೂರಬಾರದು. ನಿನಗೆ ಗೊತ್ತಿದ್ದದ್ದೇ. ಜೀತ ಹೋದರೂ ನಿನ್ನ ಭಾವನ ಕಾಲು ಅದನ್ನು ಮರೆಯಲಿಲ್ಲ. ಯಶವಂತಪುರದ ಕಾರ್ಖಾನೆಯಲ್ಲಿರುವ ನಮ್ಮ ಮುನಿಗಂಗ ಅಪ್ಪನನ್ನು ರೇಗಿಸುತ್ತಿದ್ದ: "ಜೀಪ್ ಸದ್ದಿಗೂ ಎದ್ ನಿಲ್ತೀಯಲ್ಲಪ್ಪ, ಜೀಪ್‌ಗೂ ಜೀತಕ್ಕಿದ್ದೀಯಾ?"

ಮನೆಗಳ ಬೀಗದ ಕೈ ಕೊಡುವ ಸಭೆಯಲ್ಲಿ ತಹಸೀಲ್ದಾರ್ ಸಾಹೇಬರು ಇವರನ್ನು ಗೌಡರ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು. "ಏಳ್ಬೇಡಪ್ಪ, ಫೋಟೋ ತೆಗೀತಾರೆ" ಎಂದರು. ಆಗ ಜನರ ನಡುವಿನಿಂದ ಮುನಿಗಂಗ ಎದ್ದು ನಿಂತ. "ನಮ್ಮಪ್ಪನ್ ಜೀತ ಬಿಡಿಸಿದ್ರಿ, ಸಂತೋಷ ಸ್ವಾಮಿ. ನಮ್ ಬೋನಸ್ ಯಾಕ್ ಕಿತ್ಕೊಂಡ್ರಿ? ಕೇಳಿದೋರ್ನೆಲ್ಲ ಯಾಕ್ ಒಳಗಾಕಿದ್ರಿ?" ಅಷ್ಟೇ. ಪೊಲೀಸರು ಕಾಲರ್ ಹಿಡಿದು ಎಳೆದರು. ಎಳೆಯುವಾಗ ಅವನು ಅಪ್ಪನ ಕಡೆ ಕೈಯೆತ್ತಿದ. ಇವರು ಅರ್ಧ ಎದ್ದವರು ಹಾಗೇ ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ಬೀಗದ ಕೈ ಕೊಟ್ಟರು.

ಈಗ ಅವನು ಜೈಲಿನಲ್ಲಿದ್ದಾನೆ. ಯಾವ ಕೋರ್ಟೂ ಕೇಳುವ ಹಾಗಿಲ್ಲವಂತೆ. ಆ ಪಟ ಇಳಿಸಿ ಎಂದರೆ ಇವರು, "ಇಳಿಸಿದ್ರೆ ಮನೆ ಕಿತ್ಕಂತಾರೆ ಕಣೇ" ಎನ್ನುತ್ತಾರೆ. ದಿನವೂ ಅದರ ಕೆಳಗೇ ಓಡಾಡುತ್ತೇನೆ. ಇವರದು ಒಂದೇ ಜಪ: "ಮಗ ಕೈ ಚಾಚಿ ಕರ್ದ, ನಾನ್ ಏಳ್ನಿಲ್ಲ."

ನಿನ್ನ ಮಕ್ಕಳು ಯಾರ ಹಂಗೂ ಇಲ್ಲದೆ ನೂರು ಕಾಲ ಬಾಳಲಿ. ಬಾಣಂತಿ ಸೊಸೆಗೆ ತಣ್ಣೀರು ಮುಟ್ಟಿಸಬೇಡ.

ನಿನ್ನ ಅಕ್ಕ
ಅಂಜಿನಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮೊನ್ನೆ ಜೈಲಿಗೆ ಹೋಗಿದ್ದೆ. ಮುನಿಗಂಗ ಮೊದಲು ಕೇಳಿದ್ದೇ, "ಅಪ್ಪ ಕೂತೇ ಇದ್ನಾ ಅಮ್ಮಾ?" ಹೂಂ ಎಂದೆ. ನಕ್ಕ, ಮುಂದಿನ ಹಲ್ಲು ಇರಲಿಲ್ಲ. "ಏಳ್ಬೇಡಾಂತಲೇ ಕೈ ಮಾಡಿದ್ದು. ಗೌಡ್ರ ಪಕ್ಕ ನಮ್ಮಪ್ಪ ಕೂತಿದ್ದ ನೋಡ್ದೆ, ಸಾಕು ಬಿಡು." ಮನೆಗೆ ಬಂದು ಹೇಳಿದರೆ ನಿನ್ನ ಭಾವ ನಂಬಲಿಲ್ಲ. "ನನ್ ಸಮಾಧಾನಕ್ಕೆ ಕತೆ ಕಟ್ಕಂಡ್ ಬಂದಿದ್ದೀಯ" ಎಂದರು. ಅವತ್ತೇ ಸಂಜೆ ಗೌಡರು ಹೊಸ ಮನೆ ನೋಡಲು ಬಂದು ನಮ್ಮ ಜಗಲಿಯ ಮೇಲೆ ಕೂತರು. ಇವರು ಎದ್ದು ನಿಂತರು. ಗೌಡರು ಹೋಗಿ ಮರೆಯಾದ ಮೇಲೂ ಕೂರಲಿಲ್ಲ.