ಹಾಯಿಬಟ್ಟೆಯಲ್ಲಿ ತುಂಬಿದ ಉಡಿ

ಮಾಲವಣ
5 ಜನವರಿ 2025

ತೀರ್ಥರೂಪ ಅಣ್ಣ ಕಲ್ಯಾಣಪ್ಪನಿಗೆ ತಮ್ಮ ಬಾಳು ಮಾಡುವ ಶರಣು ಶರಣಾರ್ಥಿ.

ನೀನು ಹೇಳಿ ಕಳಿಸಿದ ಮಾತು ಇನ್ನೂ ನನ್ನ ಬಾಯಲ್ಲೇ ಇದೆ, ಹೊರಗೆ ಬಂದಿಲ್ಲ. ನಿನ್ನೆ ಬೆಳಗಿನ ನಾಷ್ಟಾ ಮಾತ್ರ ಪೂರ್ತಿ ಹೊರಗೆ ಬಂತು, ಅದೂ ಪುಣೆಯ ಪ್ರವಾಸಿಗಳ ಮುಂದೆ. ಎಳ್ಳಮಾಸಿ ಮುಗಿಸಿ ಬಸ್ ಹತ್ತಿದವನು ಇಷ್ಟು ದಿನ ಸುದ್ದಿ ಕೊಡಲಿಲ್ಲ, ತಪ್ಪಾಯಿತು. ನೀನು ಫೋನ್ ಮಾಡಿದಾಗಲೆಲ್ಲ ರೇಂಜ್ ಇಲ್ಲ ಎಂದೆ. ರೇಂಜ್ ಇತ್ತು, ಧೈರ್ಯ ಇರಲಿಲ್ಲ. ಅದಕ್ಕೇ ಕಾಗದ. ಫೋನನ್ನು ನೀನು ಅರ್ಧಕ್ಕೇ ಕಟ್ ಮಾಡುತ್ತಿ. ಕಾಗದ ಹರಿದರೂ ನಿನ್ನ ಮನೆಯಾಕೆ, ನಮ್ಮ ವೈನಿ, ಚೂರು ಕೂಡಿಸಿ ಓದಿಯಾಳು. ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವನ ಅಕ್ಷರ, ಸಾವಕಾಶ ಓದು.

ಗುಂಜೋಟಿ ಸ್ಟ್ಯಾಂಡಿನಲ್ಲಿ ನೀನು ಹೇಳಿದ್ದು ಚೆನ್ನಾಗಿ ನೆನಪಿದೆ. “ಬಾಳ್ಯಾ, ನೀ ಎಲ್ಲಾ ನಕ್ಕೋತ ಹೇಳ್ತಿ. ನನ್ನ ಮಗಳಿಗಿ ಇದನ್ನೂ ನಕ್ಕೋತ ಹೇಳಿ ಬಾ. ತಂಗಿ ಲಗ್ನಕ್ಕ ಪ್ರಾಜಕ್ತಾ ಬರಬಾರದು. ಆಕಿ ನೇವಿದಾಗ ಇದ್ದಾಳ, ರಜಾ ಸಿಗಲ್ಲ ಅಂತ ನಿಲಂಗಾದ ಬೀಗರಿಗಿ ಹೇಳೀನಿ. ಚಡ್ಡಿ ಹಾಕ್ಕೊಂಡು ಟೂರಿಸ್ಟ್ ಮಂದೀನ ದೋಣ್ಯಾಗ ತಿರಗಸ್ತಾಳ ಅಂತ ಗೊತ್ತಾದ್ರ ಮೀನಲನ ಲಗ್ನ ಮುರದ್ಹಂಗೇ.”

ಅಣ್ಣಾ, ಸುಳ್ಳು ಹೇಳಿದರೂ ನೀರಿನ ಹತ್ತಿರದ ಸುಳ್ಳೇ ಹೇಳಿದ್ದಿ. ಯುದ್ಧದ ಹಡಗಿನ ಬದಲು ಹಾಯಿದೋಣಿ, ಶತ್ರುಗಳ ಬದಲು ರಜೆಗೆ ಬಂದ ಮಂದಿ, ಅಷ್ಟೇ ಫರಕು. ಹಾಯಿ ಎಂದರೆ ನಮ್ಮ ಮಾಳಿಗೆಯ ಮೇಲೆ ಹಾಸಿದರೂ ಉಳಿಯುವಷ್ಟು ಬಿಳಿ ಬಟ್ಟೆ. ಒಳಗೆ ಮಲಗಲು ಕೋಣೆ, ಅಡಿಗೆಗೆ ಒಲೆ. ಒಂದು ನಡುಗಡ್ಡೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ, ಒಂದರ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪದ ಕಂಬ, ಇನ್ನೊಂದರ ಮೇಲೆ ಬರೀ ಹಕ್ಕಿ. ಅದನ್ನು ನೋಡಲು ರೊಕ್ಕ ಕೊಟ್ಟು ಬರುತ್ತಾರೆ! ಮಾಕಣಿ ಡ್ಯಾಮಿನ ಹಿನ್ನೀರು ನೋಡಿ ಬಂದು, ಸಮುದ್ರ ಇದಕ್ಕಿಂತ ಬೇರೆ ಏನಿದ್ದೀತು ಎಂದು ಊರ ತುಂಬ ಹೇಳಿದ್ದೆನಲ್ಲ, ಆ ಮಾತು ವಾಪಸ್.

ಪ್ರಾಜಕ್ತಾಳನ್ನು ನೋಡಿ ನಾನೂ ಮೊದಲು ಆಕಾಶದ ಕಡೆ ಮುಖ ಮಾಡಿದೆ. ಚಡ್ಡಿ ಹೌದು, ಸುಳ್ಳಲ್ಲ. ಆಮೇಲೆ ಗಾಳಿ ತಿರುಗಿತು. ಚುಕ್ಕಾಣಿ ಹಿಡಿದಿದ್ದ ಆಕೆ ಒಂದು ಕೂಗು ಹಾಕಿದಳು ನೋಡು! ಹೊಲದಲ್ಲಿ ಎತ್ತು ತಿರುಗಿಸುವಾಗ ನೀನು ಕೂಗುತ್ತೀಯಲ್ಲ, ಅದೇ ದನಿ. ಇಬ್ಬರು ಗಟ್ಟಿ ಗಂಡಸರು ಓಡಿ ಹಗ್ಗ ಎಳೆದರು, ಹಾಯಿ ಈ ಕಡೆಯಿಂದ ಆ ಕಡೆಗೆ ಹೊರಳಿತು, ದೋಣಿ ವಾಲಿ ಮತ್ತೆ ನೆಟ್ಟಗಾಯಿತು. ನಾನು ಮಾತ್ರ ನೆಟ್ಟಗಾಗಲಿಲ್ಲ, ಬಕೆಟ್ ಹಿಡಿದು ಕೂತೆ. ಪುಣೆಯ ಹೆಂಗಸೊಬ್ಬಳು ಹೆದರಿಕೆಯೇ ಕಾಕಾ ಎಂದು ಕೇಳಿದಳು. “ಇಲ್ಲ ಬಾಯಿ, ಸಮುದ್ರಕ್ಕ ನೈವೇದ್ಯ” ಎಂದು ಮರಾಠಿಯಲ್ಲೇ ಹೇಳಿದೆ. ದೋಣಿ ತುಂಬ ನಗೆ.

ಆ ನಗೆಯ ನಡುವೆ ಪ್ರಾಜಕ್ತಾ ನನ್ನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಸಾರಿದಳು: ಇವರು ನನ್ನ ಕಾಕಾ, ತಂಗಿಯ ಮದುವೆಗೆ ನನ್ನನ್ನು ಕರೆದೊಯ್ಯಲು ಬಂದಿದ್ದಾರೆ. ಮಂದಿ ಚಪ್ಪಾಳೆ ತಟ್ಟಿದರು. ನಾಲಿಗೆಯ ತುದಿಗೆ ಬಂದಿದ್ದ ನಿನ್ನ ಮಾತು ತಿರುಗಿ ಒಳಗೆ ಹೋಯಿತು.

ನಡುಗಡ್ಡೆಯ ಮರೆಯಲ್ಲಿ ದೋಣಿ ನಿಲ್ಲಿಸಿದರು. ಮಂದಿ ಈಜಲು ಇಳಿದಾಗ ವೈನಿ ಕೊಟ್ಟ ಚೀಲ ಬಿಚ್ಚಿದೆ. ಮೇಲೆ ಶೇಂಗಾ ಹೋಳಿಗೆ. ಕೆಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ, ಅರಿಷಿಣ ಕುಂಕುಮದ ಪುಡಿಕೆ. ಉಡಿಯ ಸಾಮಾನು! ನನಗೆ ಗೊತ್ತಿರಲಿಲ್ಲ, ಬೇಕಾದರೆ ನಮ್ಮ ಅಯ್ಯನವರು ಗುರುಶಾಂತಯ್ಯನವರ ಮುಂದೆ ಆಣೆ ಮಾಡುತ್ತೇನೆ. ನೀನು ನನ್ನ ಬಾಯಲ್ಲಿ ಬರಬೇಡ ಎಂಬುದನ್ನು ಇಟ್ಟಿ, ವೈನಿ ನನ್ನ ಚೀಲದಲ್ಲಿ ಬಾ ಎಂಬುದನ್ನು ಇಟ್ಟಳು. ನಡುವೆ ಈ ಕತ್ತೆ ಎರಡನ್ನೂ ಹೊತ್ತುಕೊಂಡು ಘಟ್ಟ ಇಳಿದಿತ್ತು.

“ಅವ್ವ ಉಡಿ ಕಳ್ಸ್ಯಾಳ!” ಎಂದು ಪ್ರಾಜಕ್ತಾ ಅಲ್ಲೇ ಕುಕ್ಕರಿಸಿದಳು. ಉಡಿ ಹಿಡಿಯಲು ಸೆರಗೆಲ್ಲಿದೆ? ಮಡಚಿಟ್ಟಿದ್ದ ಸಣ್ಣ ಹಾಯಿಯೊಂದನ್ನು ಸೊಂಟಕ್ಕೆ ಸುತ್ತಿ ಅದನ್ನೇ ಸೆರಗಿನಂತೆ ಹಿಡಿದಳು. “ಕಾಕಾ, ನೀವ್ ಆಕಡಿ ನೋಡ್ರಿ, ಇದು ಗಂಡಸ್ರ ಕೆಲಸ ಅಲ್ಲ.” ದೋಣಿಯ ಅಡಿಗೆಯವಳು ತ್ರಿವೇಣಿ ಎಂಬ ಕೊಂಕಣದ ಮುತ್ತೈದೆ. ಮೀನು ಹೆಚ್ಚುತ್ತಿದ್ದವಳು ಕೈ ತೊಳೆದು ಬಂದು ಕುಂಕುಮ ಹಚ್ಚಿ ಉಡಿ ತುಂಬಿದಳು. ನಮ್ಮ ಅಕ್ಕಿಗೆ ಸ್ವಲ್ಪ ಮೀನಿನ ವಾಸನೆ ಹತ್ತಿರಬೇಕು. ಅಕ್ಕಿ ಏನೂ ತಕರಾರು ಮಾಡಲಿಲ್ಲ.

ತುಂಬಿದ ಉಡಿಯ ಮುಂದೆ ನಿಂತು ನಾನು ಬರಬೇಡ ಎನ್ನಲೇ? ನನ್ನಿಂದ ಆಗಲಿಲ್ಲ. ಕಳಿಸುವುದಿದ್ದರೆ ಕೋಪಿಷ್ಠನನ್ನು ಕಳಿಸಬೇಕಿತ್ತು, ನನ್ನಂಥ ನಗುವವನನ್ನು ಕಳಿಸಿ ಕೆಟ್ಟಿ.

ವೈನಿಯನ್ನು ಬೈಯಬೇಡ. ಮೀನಲಗೆ ನನ್ನ ಆಶೀರ್ವಾದ, ನೂರ್ಕಾಲ ಸುಖವಾಗಿರಲಿ. ನಿನ್ನ ಸಿಟ್ಟಿಗೂ ಒಂದು ನಮಸ್ಕಾರ.

ನಿನ್ನ ತಮ್ಮ
ಬಾಳು

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಪ್ರಾಜಕ್ತಾ ತನ್ನ ಬಾಡಿಗೆ ಮನೆಯಲ್ಲಿ ನನಗಾಗಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಂದು ಸಣ್ಣ ಗಂಟೊಂದನ್ನು ನನ್ನ ಮುಂದಿಟ್ಟಳು. ಉಡಿ ತುಂಬಿಸಿಕೊಂಡವಳು ತವರಿಗೆ ತಿರುಗಿ ಕೊಡುವ ಹಿಡಿ ಅಕ್ಕಿ.

“ಕಾಕಾ, ಇದನ್ನ ಮೀನಲನ ಲಗ್ನದ ಅಕ್ಕಿಕಾಳಿನಾಗ ಕೂಡಸ್ರಿ. ಯಾರಿಗೂ ಗೊತ್ತಾಗಲ್ಲ.”

“ನೀನೇ ಬಂದು ಹಾಕವಾ” ಎಂದೆ.

“ನೀವ್ ಯಾಕ ಬಂದೀರಿ ನಂಗ ಗೊತ್ತದ. ನೀವ್ ಬಸ್ ಹತ್ತೂಕಿಂತ ಮದಲೇ ಮೀನಲ ಅಳ್ಕೋತ ಫೋನ್ ಮಾಡಿದ್ಳು.”

“ಮತ್ತ ಮಂದಿ ಮುಂದ ಹಂಗ್ಯಾಕ ಅಂದಿ?”

“ಒಮ್ಮೆರೆ ಹಂಗ ಅಂದು ನೋಡೂ ಆಸಿ ಇತ್ತು, ಕಾಕಾ” ಎಂದಳು. ನಕ್ಕಳು. ಅಣ್ಣಾ, ನನಗೆ ಒಂದು ಜೋಕೂ ಹೊಳೆಯಲಿಲ್ಲ.

ಈ ಗಂಟನ್ನು ನಾನು ತರುವುದಿಲ್ಲ. ಅಕ್ಕಿಕಾಳು ಬರುವುದಾದರೆ ಅದನ್ನು ಹಾಕುವ ಕೈಯೂ ಜೊತೆಗೆ ಬರಬೇಕು. ಕಾಗದ ಮುಟ್ಟಿದ ಮೇಲೆ ಫೋನ್ ಮಾಡು. ನನಗಲ್ಲ, ಆಕೆಗೆ. ಅಲ್ಲಿಯತನಕ ನಾನು ಈ ಊರಲ್ಲೇ ಇರುತ್ತೇನೆ, ಬಕೆಟ್ ಹಿಡಿದುಕೊಂಡಾದರೂ.

“ಕಾಕಾ, ಉಣ್ಲಾಕ ಬರ್ರಿ! ರೊಟ್ಟಿ ಆರ್ಲಿಕತ್ಯಾವ!”

ಕೇಳಿಸಿತೇನು? ನಿನ್ನದೇ ದನಿ. ಏಳಲೇಬೇಕು.