ತೊಳೆಯದ ಮರಿಗೆ

ಪ್ರೀತಿಯ ಅಜ್ಜಿ,

ನಾನು ಕೆಲಸಕ್ಕಿರುವ ಈ ಹಳೇ ಕಾಲದ ರೈತರ ಮನೆಯಲ್ಲಿ ಹುಳಿ ಹಿಟ್ಟಿನ ರೊಟ್ಟಿಗೆ ನಡುವೆ ತೂತು ಮಾಡಿ, ಉದ್ದನೆಯ ಕೋಲಿಗೆ ಪೋಣಿಸಿ ಸೂರಿನಡಿ ನೇತುಹಾಕುತ್ತಾರೆ. ದೇಶದ ಈ ಪಶ್ಚಿಮದ ಕಡೆಯವರೆಲ್ಲ ಹೀಗೆಯೇ, ವರ್ಷಕ್ಕೆ ಎರಡೇ ಸಲ ಸುಟ್ಟು ಒಣಗಿಸಿ ತಿನ್ನುವವರು. ಪೂರ್ವದ ನಮ್ಮ ಕರೇಲಿಯಾದ ಹಾಗೆ ವಾರವಾರ ಬಿಸಿರೊಟ್ಟಿಯ ಸುಖ ಇವರಿಗಿಲ್ಲ.

ಶನಿವಾರ ಈ ಹಳೇ ಮನೆ ನೋಡಲು ಬಸ್ಸು ತುಂಬ ಅತಿಥಿಗಳು ಬರುವವರಿದ್ದರು. ಗುರುವಾರ ನೋಡಿದರೆ, ಕಲಸಿಟ್ಟ ಹಿಟ್ಟು ಉಬ್ಬಿರಲೇ ಇಲ್ಲ. ಅತಿಥಿಗಳ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಹಿಟ್ಟು ನಾದುವ ಮರದ ಮರಿಗೆಯನ್ನು ಯಾರೋ ಸೋಪು ಹಾಕಿ ಉಜ್ಜಿಬಿಟ್ಟಿದ್ದರು. ಅಂಟಿಕೊಂಡಿದ್ದ ಹಳೇ ಹಿಟ್ಟೇ ಹೋದ ಮೇಲೆ, ಉಬ್ಬಿಸುವ ಹುಳಿ ಎಲ್ಲಿಂದ ಬರಬೇಕು? ನಾನು ಊರಿಂದ ಹೊರಡುವಾಗ ನೀನು ನಿನ್ನ ಮರಿಗೆಯಿಂದ ಕೆರೆದು ಗಂಟು ಕಟ್ಟಿಕೊಟ್ಟ ಒಣಹಿಟ್ಟನ್ನೇ ನೆನೆಸಿ ಕಲಸಿದೆ.

"ಕರೇಲಿಯಾದೋರು ಮಾತಲ್ಲೇ ಉಬ್ಬೋದು ಕಣೇ, ನಿಮ್ಮ ಹಿಟ್ಟೂ ಉಬ್ಬುತ್ತಾ?" ಎಂದು ಯಜಮಾನಿ ವೆಂಡ್ಲಾ ಕಿಚಾಯಿಸಿದರು. ಶನಿವಾರ ಬೆಳಗ್ಗೆ ಹಿಟ್ಟು ಮುಚ್ಚಿದ ಬಟ್ಟೆಯನ್ನೇ ಎತ್ತಿಕೊಂಡು ಮೇಲೆ ಬಂದಿತ್ತು. ಆಕೆ ಬಾಗಿ ಮೂಸಿ ನೋಡಿ, ಒಲೆಗೆ ಸೌದೆ ಒಟ್ಟಲು ಹೋದರು.

ಅತಿಥಿಗಳು ಎರಡೆರಡು ಸಲ ರೊಟ್ಟಿ ಕೇಳಿದಾಗ ಎಲ್ಲರಿಗೂ ಕೇಳುವಂತೆ ಹೇಳಿದರು: "ಹುಳಿ ನಮ್ಮದಲ್ಲ, ಇವಳಜ್ಜೀದು. ಆಯಮ್ಮ ಮದುವೆಯಾದಾಗಿಂದ ಮರಿಗೆ ತೊಳೆದೇ ಇಲ್ವಂತೆ. ಹಂಗಿರಬೇಕು ಮನೆ ಹೆಂಗಸು." ಎಲ್ಲರೂ ಚಪ್ಪಾಳೆ ತಟ್ಟಿದರು. ಸುಟ್ಟ ರೊಟ್ಟಿಗಿಂತ ನನ್ನ ಎದೆಯೇ ಹೆಚ್ಚು ಉಬ್ಬಿತ್ತೇನೋ.

ಒಲೆಯ ಬಾಯಿ ತಗುಲಿ ಮುಂಗೈ ಸ್ವಲ್ಪ ಸುಟ್ಟಿದೆ, ವಾಸಿಯಾಗುತ್ತಿದೆ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಅಮ್ಮ ಗಲೀಜು ಗಲೀಜು ಎಂದು ಸೋಪು ಹಿಡಿದು ನಿನ್ನ ಮರಿಗೆಯ ಹತ್ತಿರ ಬಂದರೆ, ಇದನ್ನು ಜೋರಾಗಿ ಓದು.

ನಿನ್ನ ಹೆಲ್ಕಾ