ಅತ್ತೆಯ ಕಪ್ಪುಬಿಳುಪು ಫೋಟೊ

೧೨ ಜೂನ್ ೨೦೨೫, ಗುರುವಾರ

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರಬಹುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಮುಂದೆ ಓದುವಾಗ ನಾನೇ ನನ್ನನ್ನು ಬೈದುಕೊಳ್ಳಬಾರದು.

ನಿನ್ನೆಯದೇ ತಲೆಯಲ್ಲಿ ಸುತ್ತುತ್ತಿದೆ. ನಾನು ಕೆಲಸ ಕಲಿಯುತ್ತಿರುವ ಫೋಟೊ ಸ್ಟುಡಿಯೋದಲ್ಲಿ ನಾನೊಬ್ಬಳೇ ತೆಗೆದ ಮೊದಲ ಪ್ರಿಂಟ್, ಗಿರಾಕಿ ವಿಶಾಲಾಕ್ಷಮ್ಮನವರ ತೀರಿಹೋದ ಅತ್ತೆ ಕುರ್ಚಿಯಲ್ಲಿ ಕೂತ ಹಳೇ ಫೋಟೊ. ಮೊದಲು ಪಾಚಿಯಂತೆ ಹಸಿರಾಗಿ ಬಂತು. ಹೊಳೆಯುವ ಕಾಗದಕ್ಕೆ ನಮ್ಮ ಪ್ರಿಂಟರ್ ಬಣ್ಣದ ಇಂಕುಗಳನ್ನು ಬೆರೆಸಿಯೇ ಬೂದು ಮಾಡುತ್ತದೆ. ಹಾಗಾಗಿ ಇದು ಸಾದಾ ಕಾಗದವೆಂದು ಮಿಷನ್ನಿಗೆ ಸುಳ್ಳು ಹೇಳಿ, ಅದೇ ಹೊಳೆಯುವ ಕಾಗದದ ಮೇಲೆ ಬರೀ ಕಪ್ಪು ಇಂಕಿನಲ್ಲಿ ತೆಗೆದೆ. ಎಷ್ಟು ಚೆನ್ನಾಗಿತ್ತು! ವಿಶಾಲಾಕ್ಷಮ್ಮ ಅತ್ತೆಯ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಆ ಕಪ್ಪು ಇಂಕು ಹೊಳೆಯುವ ಕಾಗದಕ್ಕೆ ಹಿಡಿದಿರಲೇ ಇಲ್ಲ. ಫೋಟೊದಲ್ಲಿ ಪಾದ ಅಳಿಸಿಹೋಯಿತು, ಇವರ ರೆಪ್ಪೆಗಳು ಕಪ್ಪಾದವು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಕನ್ನಡಿ ನೋಡಿ ನಕ್ಕುಬಿಟ್ಟರು. "ಬದುಕಿದ್ದಾಗ ಕಾಡಿಗೆ ಹಚ್ಚಕ್ಕೆ ಬಿಡ್ಲಿಲ್ಲ ಕಣವ್ವ ನಮ್ಮತ್ತೆ. ಈಗ ನೋಡು, ತಾವೇ ಹಚ್ಚವ್ರೆ!"

ಮಾಲೀಕ ನವೀನಣ್ಣ ನಗಲಿಲ್ಲ. "ನಾಳೆ ಇನ್ನೊಂದ್ಸಲ ತೆಗಿ. ಅದೂ ಕೆಟ್ರೆ ಮಿಷನ್ ಮುಟ್ಬೇಡ, ಫ್ರೇಮ್ ಒರೆಸ್ಕಂಡಿರು" ಎಂದರು.

ಫ್ರೇಮ್ ಒರೆಸಲು ಬೇಸರವಿಲ್ಲ. ಆದರೆ ಕಾಗದದ ಮೇಲೆ ಒಂದು ಮುಖ ಮೆಲ್ಲಗೆ ಹೊರಬರುವುದನ್ನು ನೋಡಿದ ಮೇಲೆ... ನಾಲ್ಕು ಜನರೆದುರು ಮಾತು ಬಾರದ ನನಗೆ ಇದೊಂದು ಬರಬಹುದು ಅನ್ನಿಸುತ್ತದೆ.

ಇವತ್ತು ಮಧ್ಯಾಹ್ನ ನವೀನಣ್ಣ ಅತ್ತೆಯ ಹೊಸ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಪ್ರಿಂಟ್ ತೆಗೆಯಲು ಇನ್ನೊಬ್ಬರ ಹಳೇ ಫೋಟೊ ನನ್ನ ಮುಂದಿಟ್ಟರು.

ಅತ್ತೆಯ ಪ್ರಿಂಟಿಗೆಂದೇ ಬೆಳಿಗ್ಗೆ ಬೇಗ ಹೋಗಿದ್ದೆ. ಹೊಳೆಯುವ ಕಾಗದವೆಂದೇ ಮಿಷನ್ನಿಗೆ ನಿಜ ಹೇಳಿ, ಹಸಿರನ್ನು ಚೂರುಚೂರೇ ಇಳಿಸಿ, ತುಂಡು ಕಾಗದಗಳಲ್ಲಿ ನೋಡಿ ನೋಡಿ ತೆಗೆದೆ. ಒಣಗಿದ ಮೇಲೆ ಆ ಅಜ್ಜಿಯ ಪಾದ ಮುಟ್ಟಿ ನಾನೂ ಕಣ್ಣಿಗೆ ಒತ್ತಿಕೊಂಡೆ, ಕನ್ನಡಿಯಲ್ಲಿ ನೋಡಿಕೊಂಡೆ. ರೆಪ್ಪೆಗೆ ಏನೂ ಅಂಟಿರಲಿಲ್ಲ.